ಬೋನಸ್ ಬಂತು, ಟಿ.ವಿ. ಬಂತು, ಆಮೇಲೆ ಅಪ್ಪನ ಫೋನ್ ಬಂತು

ಭೋಸರಿ ಎಂಐಡಿಸಿಯಲ್ಲಿ ಹಬ್ಬ ಶುರುವಾಗುವುದು ಖಂಡೇನವಮಿಯಿಂದ. ಲೇಥು, ಡ್ರಿಲ್ಲಿಂಗ್ ಮಷೀನುಗಳನ್ನೆಲ್ಲ ಒರೆಸಿ, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡುತ್ತೇವೆ. ಅಂದಿನಿಂದ ಊಟದ ಹೊತ್ತಿನಲ್ಲಿ ಎರಡೇ ಮಾತು: ಬೋನಸ್ ಎಷ್ಟು ಬರುತ್ತದೆ, ಯಾವ ಸೇಲ್‌ನಲ್ಲಿ ಏನು ಸಸ್ತಾ. ವಿಜಯಪುರ, ಕಲಬುರಗಿ, ಬೀದರ ಕಡೆಯವರು ನಾವು ಒಂದಿಷ್ಟು ಮಂದಿ ಒಟ್ಟಿಗೆ ಕೂರುತ್ತೇವೆ. ಮೊಬೈಲು ಕೈಯಿಂದ ಕೈಗೆ ದಾಟುತ್ತದೆ.

ಆರು ವರ್ಷದ ಹಿಂದೆ ಹಾಗೆ ದಾಟಿದ ಮೊಬೈಲಿನಲ್ಲೇ ನಾನು ಆ ಟಿ.ವಿ. ನೋಡಿದ್ದು. ಮದುವೆಯಾದ ಮೇಲಿನ ಮೊದಲ ದೀಪಾವಳಿ. ₹52 ಸಾವಿರಕ್ಕೆ ಗೀಟು ಹಾಕಿ, ಕೆಳಗೆ ₹36 ಸಾವಿರ ಎಂದು ಬರೆದಿತ್ತು. ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು. ಬಡ್ಡಿ ಇಲ್ಲದ ಕಂತು, ತಿಂಗಳಿಗೆ ಮೂರೇ ಸಾವಿರ. ಕ್ರೆಡಿಟ್ ಕಾರ್ಡ್ ಕೊಟ್ಟುಬಿಟ್ಟೆ. ಬೋನಸ್ ಹಾಗೇ ಉಳಿಯಿತಲ್ಲ ಎಂದು ಅದರಲ್ಲಿ ಸೋಫಾ, ಬಟ್ಟೆ, ಮಿಕ್ಸರ್ ಬಂದವು.

ಹಬ್ಬ ಮುಗಿದು ಹದಿನೈದು ದಿನಕ್ಕೆ ಇಂಡಿಯಿಂದ ಅಪ್ಪನ ಫೋನ್. ಬೋರ್‌ವೆಲ್ ಮೋಟಾರ್ ಸುಟ್ಟಿತ್ತು, ಹೊಸದಕ್ಕೆ ₹22 ಸಾವಿರ. ಲಿಂಬೆ ಗಿಡಗಳಿಗೆ ನೀರು ಬಿಡಬೇಕಿತ್ತು. ನನ್ನ ಖಾತೆಯಲ್ಲಿ ಇದ್ದದ್ದು ನಾಲ್ಕು ಸಾವಿರ. ವಿಷಯ ಹೇಳಿದೆ. ‘ಇರಲಿ ಬಿಡಪಾ, ನಾ ಏನರ ಮಾಡ್ತೀನಿ’ ಎಂದು ಫೋನ್ ಇಟ್ಟರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದಿದ್ದರೆಂದು ಅವ್ವ ಹೇಳಿದ್ದು ಯುಗಾದಿಗೆ ಹೋದಾಗ. ಅದು ತೀರಲು ಹತ್ತು ತಿಂಗಳು ಹಿಡಿಯಿತು. ಬಡ್ಡಿಯೇ ₹6,600.

ಅಷ್ಟರಲ್ಲಿ ನಾನೂ ಎರಡು ತಿಂಗಳು ಕಾರ್ಡಿನ ಬಿಲ್ಲಿನಲ್ಲಿ ‘ಮಿನಿಮಮ್’ ಮಾತ್ರ ಕಟ್ಟಿದ್ದೆ. ಉಳಿದದ್ದರ ಮೇಲೆ ತಿಂಗಳಿಗೆ ಶೇ 3ಕ್ಕೂ ಹೆಚ್ಚು ಬಡ್ಡಿ. ಊರಲ್ಲಿ ಅಪ್ಪ, ಇಲ್ಲಿ ನಾನು, ಇಬ್ಬರೂ ಒಂದೇ ದರದ ಸಾಲಗಾರರು.

ಆಮೇಲೆ ಕೂತು ಲೆಕ್ಕ ಹಾಕಿದೆ. ‘ನೋ ಕಾಸ್ಟ್’ ಕಂತಿನಲ್ಲೂ ಬ್ಯಾಂಕ್ ಬಡ್ಡಿ ಹಾಕುತ್ತದೆ; ಅಷ್ಟನ್ನು ಮೊದಲೇ ರಿಯಾಯಿತಿ ಎಂದು ಕಳೆದು ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದೂ ನಮ್ಮದೇ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬೋನಸ್ಸೂ ಮೇಲಿಂದ ಬಿದ್ದ ದುಡ್ಡಲ್ಲ. ಕಾನೂನು ಅದನ್ನು ವರ್ಷದ ಸಂಬಳದ ಲೆಕ್ಕದಲ್ಲೇ ಕಟ್ಟುತ್ತದೆ: ಕನಿಷ್ಠ ಶೇ 8.33, ಗರಿಷ್ಠ ಶೇ 20. ಅದು ನಮ್ಮದೇ ಬೆವರು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ರೂಢಿ ಬಂದಿವೆ.

ಬೋನಸ್ ಬಂದ ದಿನವೇ ಅರ್ಧ ಹಣ ‘ಊರಿನ ಖಾತೆ’ಗೆ ಹೋಗುತ್ತದೆ. ಅದಕ್ಕೆ ಎಟಿಎಂ ಕಾರ್ಡೂ ಇಟ್ಟುಕೊಂಡಿಲ್ಲ. ಹಬ್ಬಕ್ಕೆ ಊರಿಗೆ ಹೋಗುವ ಟಿಕೆಟ್ ಎರಡನೆಯ ಖರ್ಚು. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ತಪ್ಪಿಸಿಕೊಂಡರೆ ಖಾಸಗಿ ಬಸ್ಸಿನ ಹಬ್ಬದ ದರ ಸೇಲ್‌ನಲ್ಲಿ ಉಳಿಸಿದ್ದನ್ನೆಲ್ಲ ನುಂಗುತ್ತದೆ.

ಬೇಕಾದ ವಸ್ತುವಿನ ಬೆಲೆಯನ್ನು ನನ್ನ ಹೆಂಡತಿ ಗಣೇಶ ಚೌತಿಗೇ ಕ್ಯಾಲೆಂಡರ್ ಹಿಂದೆ ಬರೆದಿಡುತ್ತಾಳೆ. ಆಗ ₹3,400 ಇದ್ದ ಕುಕ್ಕರ್ ಸೆಟ್ ಒಮ್ಮೆ ಸೇಲ್‌ನಲ್ಲಿ ‘₹6,000, ಶೇ 40 ರಿಯಾಯಿತಿ’ ಎಂದು ಬಂತು. ಅಂದರೆ ₹3,600! ‘ಇದ್ಯಾವ ಸೀಮಿ ಸೇಲ್ ರೀ’ ಎಂದು ನಕ್ಕಳು. ಭೋಸರಿಯ ಅಂಗಡಿಯಲ್ಲೇ ಕೇಳಿ ತಂದೆವು.

ಓಡುವ ಗಡಿಯಾರಕ್ಕೆ ಹೆದರುವುದಿಲ್ಲ. ಕಾರ್ಟ್‌ಗೆ ಹಾಕಿ ಒಂದು ರಾತ್ರಿ ಬಿಡುತ್ತೇವೆ. ಬೆಳಿಗ್ಗೆ ಅರ್ಧ ಸಾಮಾನು ಬೇಡವೆನಿಸುತ್ತದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಕಾರ್ಟ್‌ಗೆ ವಸ್ತು ಸೇರಿಸುವುದು ಸೇರಿ 13 ಬಗೆಯ ಮೋಸದ ತಂತ್ರಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಹಾರಾಷ್ಟ್ರದಲ್ಲಿದ್ದರೂ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಸೇಲ್‌ನಲ್ಲಿ ಕೊಳ್ಳಲೇಬಾರದು ಎನ್ನುತ್ತಿಲ್ಲ. ಹೋದ ವರ್ಷ ವಾಷಿಂಗ್ ಮಷೀನ್ ತಂದೆವು, ಪೂರ್ತಿ ಹಣ ಕೊಟ್ಟೇ. ಆ ಹಳೆಯ ಟಿ.ವಿ. ಕೂಡ ಗೋಡೆಯ ಮೇಲೆ ಇನ್ನೂ ಚೆನ್ನಾಗಿದೆ. ಅದರದ್ದೇನೂ ತಪ್ಪಿರಲಿಲ್ಲ.

ಈಗ ಬೋನಸ್ ಕೈಗೆ ಬಂದ ಸಂಜೆ ಮೊದಲು ಊರಿಗೆ ಫೋನ್ ಮಾಡುತ್ತೇನೆ: ‘ಅಪ್ಪಾ, ಮೋಟಾರ್ ಹೆಂಗ ನಡದೈತಿ?’ ‘ಛಲೋ ನಡದೈತಪಾ’ ಎಂದ ಮೇಲೆಯೇ ಸೇಲ್ ಕಡೆ ನೋಡುವುದು.