‘ಕಾಂತಾರ’ದ ಕರಾವಳಿಗೆ ಯಾವ ತಿಂಗಳು ಹೋಗ್ಬೇಕು ಗುರೂ?

‘ಮುಂಗಾರು ಮಳೆ’ ನೋಡಿದ ಮೇಲೆ ಮಳೆಯಲ್ಲಿ ನೆನೆಯೋ ಆಸೆ ಯಾರಿಗೆ ಹುಟ್ಟಿಲ್ಲ ಹೇಳಿ? ಆದರೆ ಅದೇ ಮಳೆ ತಲೆ ಮೇಲೆ ಮೂರು ದಿನ ಬಿಡದೆ ಸುರಿದರೆ? ಕೇಳಿ, ಈ ಬಡಪಾಯಿಯ ಕಥೆ.

2023ರ ಜುಲೈ. ‘ಕಾಂತಾರ’ವನ್ನು ಐದು ಸಲ ನೋಡಿದ ಹುಮ್ಮಸ್ಸಿನಲ್ಲಿ ನಾವು ಮೂವರು ಗೆಳೆಯರು ದಾವಣಗೆರೆಯಲ್ಲಿ ಬಸ್ ಹತ್ತಿ ಉಡುಪಿಗೆ ಹೊರಟೆವು. ಜೇಬಿನಲ್ಲಿ ತಲಾ ಎರಡು ಸಾವಿರ. ಕಂಬಳ ನೋಡ್ಬೇಕು, ಕೋಲ ನೋಡ್ಬೇಕು, ರಕ್ಷಿತ್ ಶೆಟ್ಟಿಯ ‘ಉಳಿದವರು ಕಂಡಂತೆ’ಯ ಮಲ್ಪೆಯಲ್ಲಿ ನಿಂತು ಒಂದು ಫೋಟೋ ಹೊಡೆಸ್ಕೋಬೇಕು. ಇಷ್ಟೇ ಆಸೆ!

ಮಲ್ಪೆಯಲ್ಲಿ ಇಳಿದರೆ ಏನಿದೆ? ದಡದುದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಟ್ಟಿದ್ದಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟು ಬಂದ್. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಮೀನೂಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳುದ್ದದ ಮೀನು, ಬಿಲ್ಲಿನಲ್ಲಿ ಹೀರೋ ಸಂಭಾವನೆ! ಚಹಾದಂಗಡಿಯ ಅಜ್ಜನನ್ನು ಕೇಳಿದೆ, ‘ಇಲ್ಲಿ ಕೋಲ ಎಲ್ಲಿ ನಡೆಯುತ್ತೆ ಅಜ್ಜಾ?’

‘ಈಗ ಎಂತ ಕೋಲ ಮಾರಾಯ್ರೆ? ಪತ್ತನಾಜೆ ಆಗಿ ಎಷ್ಟು ದಿನ ಆಯ್ತು!’

ತುಳುವರ ಬೇಶ ತಿಂಗಳ ಹತ್ತನೇ ದಿನವೇ ಪತ್ತನಾಜೆ. ಮೇ 24ರ ಆಸುಪಾಸಿಗೆ ಬರುತ್ತೆ. ಅಲ್ಲಿಗೆ ಕೋಲ ನಿಂತಿತು, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರು. ಮತ್ತೆ ಶುರುವಾಗೋದು ದೀಪಾವಳಿ ಹೊತ್ತಿಗೆ. ಕಂಬಳವೂ ನವೆಂಬರ್ ನಂತರವೇ. ರಿಷಬ್ ಶೆಟ್ರು ಎರಡೂವರೆ ಗಂಟೆಯಲ್ಲಿ ಎಲ್ಲ ತೋರಿಸಿಬಿಟ್ರು, ನಾವು ಎಲ್ಲ ವರ್ಷವಿಡೀ ಇರುತ್ತೆ ಅಂದ್ಕೊಂಡೆವು!

ಇಷ್ಟಾದರೂ ಬುದ್ಧಿ ಬಂತೇ? ಮರುದಿನ ಬಲೆ ಇಲ್ಲದ ಜಾಗ ಹುಡುಕಿ ನಮ್ಮಲ್ಲೊಬ್ಬ ಪ್ಯಾಂಟ್ ಮಡಚಿ ನೀರಿಗಿಳಿದ. ಮೊಣಕಾಲುದ್ದ ನೀರು, ಅಷ್ಟೇ. ವಾಪಸ್ ಹೋಗೋ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡಿತು. ಅವನು ಬಿದ್ದ. ಎರಡನೇ ಅಲೆ ಹತ್ತು ಮಾರು ಒಯ್ದಿತು. ಅಲ್ಲೇ ಬಲೆ ಸರಿಮಾಡುತ್ತಿದ್ದ ಇಬ್ಬರು ಮೀನುಗಾರರು ಓಡಿಬಂದು ಹಗ್ಗ ಎಸೆಯದಿದ್ದರೆ ಅವನ ಮನೆಯಲ್ಲಿ ನಾನು ಏನಂತ ಹೇಳ್ತಿದ್ದೆ? ಅವನ ತಾಯಿಗೆ ಈಗಲೂ ಈ ವಿಷಯ ಗೊತ್ತಿಲ್ಲ. ಈ ಪತ್ರಿಕೆ ಅವರ ಕೈಗೆ ಸಿಗದಿರಲಿ!

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆಗ ರಸ್ತೆಯನ್ನೂ ನಂಬೋ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಅಲ್ಲಿದ್ದ ಲಾರಿಗಳು ಗಂಗಾವಳಿ ನದಿ ಪಾಲಾದವು.

ಹಾಗಾದ್ರೆ ಯಾವಾಗ ಹೋಗೋದು? ಅಕ್ಟೋಬರಿನಲ್ಲಿ ಗುಡುಗಿನ ಮಳೆ ಇನ್ನೂ ಬಾಕಿ. ಮಾರ್ಚ್‌ನಿಂದ ಮೇವರೆಗೆ ಬೆವರಿನಲ್ಲೇ ಸ್ನಾನ. ಡಿಸೆಂಬರಿನ ಹವೆ ಚೆನ್ನ, ಆದರೆ ಶಾಲಾ ಪ್ರವಾಸ, ಹೊಸವರ್ಷದ ನೂಕುನುಗ್ಗಲು. ಲಾಡ್ಜಿನ ರೇಟು ಕೇಳಿದರೆ ತಲೆ ತಿರುಗುತ್ತೆ. ನನ್ನ ಓಟು ಸಂಕ್ರಾಂತಿ ಕಳೆದ ಮೇಲಿನ ಜನವರಿಗೆ, ಫೆಬ್ರವರಿಯ ಮೊದಲರ್ಧಕ್ಕೆ. ಒಂದೇ ಎಚ್ಚರ: ಸರಿಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, ರೂಮಿನ ಆಸೆ ಬಿಡಿ. ಶಿವರಾತ್ರಿ ಹೊತ್ತಿಗೆ ಗೋಕರ್ಣವೂ ಹಾಗೇ.

2025ರ ಜನವರಿ ಕೊನೆಗೆ ನಾವು ಮೂವರೂ ಮತ್ತೆ ಹೋದೆವು. ಶನಿವಾರ ಶುರುವಾದ ಕಂಬಳ ರಾತ್ರಿಯಿಡೀ ದೀಪದ ಬೆಳಕಲ್ಲಿ ನಡೆದು ಭಾನುವಾರಕ್ಕೂ ಮುಗಿದಿರಲಿಲ್ಲ. ಕೋಣಗಳು ಹಾರಿಸಿದ ಕೆಸರು ನನ್ನ ಹೊಸ ಶರ್ಟಿನ ಮೇಲೂ ಬಿತ್ತು, ಒಗೆಯಲು ಮನಸ್ಸಾಗಲಿಲ್ಲ! ಯಕ್ಷಗಾನದ ಹರಕೆ ಆಟಕ್ಕೆ ಟಿಕೆಟ್ಟೇ ಇಲ್ಲ, ಬೆಳಗಿನ ಜಾವದವರೆಗೂ ಕೂತೆವು. ಒಂದು ಮನೆಯ ಕೋಲಕ್ಕೂ ಕರೆದರು. ಮೊಬೈಲು ಜೇಬಲ್ಲಿ, ಶಿಳ್ಳೆ ಬಾಯಲ್ಲೇ. ಅದು ಶೂಟಿಂಗ್ ಅಲ್ಲ ಕಣ್ರೀ, ಅವರ ಪೂಜೆ.

ಸಮುದ್ರ? ಜನವರಿಯಲ್ಲಿ ಶಾಂತವಾಗೇ ಕಾಣುತ್ತೆ. ಆದರೆ 2024ರ ಡಿಸೆಂಬರಿನಲ್ಲಿ, ಅಂಥದೇ ಒಳ್ಳೆ ಹವೆಯಲ್ಲಿ, ಮುರುಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ನಮ್ಮ ಗೆಳೆಯ ಈ ಸಲ ಚಪ್ಪಲಿಯನ್ನೂ ಬಿಚ್ಚಲಿಲ್ಲ. ದಡದಲ್ಲೇ ಕೂತು ಸೋಡಾ ಕುಡಿದ.

ಅಂದಹಾಗೆ, ರಾತ್ರಿ ಬಸ್ಸಿಗೆ ಹೋಗೋರು ಒಂದು ಸ್ವೆಟರ್ ಇಟ್ಕೊಳ್ಳಿ. ಘಾಟಿ ಇಳಿಯೋವರೆಗೆ ಬೇಕಾಗುತ್ತೆ.