ರೂಟರಿನ ದಿನವಹಿ

ನಡೆದುದನ್ನು ನಡೆದಂತೆ ಬರೆದಿಡುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕನ್ನಂಬಾಡಿ ಅಣೆಕಟ್ಟಿನಲ್ಲಿ ಪ್ರತಿದಿನವೂ ನೀರಿನ ಮಟ್ಟವನ್ನು ಅಳೆದು ದಾಖಲಿಸುತ್ತಾರೆ. ಒಂದು ದಿನದ ಅಂಕಿಯಿಂದ ತಿಳಿಯುವುದು ಅಲ್ಪ. ಅಂಕಿಗಳ ಸಾಲನ್ನು ನೋಡಿದಾಗ ನೀರು ಎಂದು ಏರಿತು, ಎಂದು ಇಳಿಯಿತು ಎಂಬುದು ಸ್ಪಷ್ಟವಾಗುತ್ತದೆ. ಗಣಕಜಾಲದಲ್ಲಿ ಇಂತಹುದೇ ದಿನವಹಿಯನ್ನು ರೂಟರ್ ಎಂಬ ಉಪಕರಣವು ಬರೆಯುತ್ತದೆ.

ಅಂಚೆ ಕಚೇರಿಯಲ್ಲಿ ವಿಳಾಸ ನೋಡಿ ಕಾಗದಗಳನ್ನು ವಿಂಗಡಿಸುವಂತೆ, ರೂಟರ್ ತನಗೆ ಬಂದ ಮಾಹಿತಿಯ ಪೊಟ್ಟಣಗಳ ವಿಳಾಸವನ್ನು ನೋಡಿ ತಕ್ಕ ದಾರಿಗೆ ಕಳುಹಿಸುತ್ತದೆ. ದೇಶದ ಗ್ರಾಮ ಪಂಚಾಯಿತಿಗಳನ್ನು ಗಾಜಿನೆಳೆಯ ತಂತಿಯಿಂದ ಜೋಡಿಸುವ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು; ಮುಂದೆ ಅದು ಭಾರತ್‌ನೆಟ್ ಎಂದು ಹೆಸರಾಯಿತು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂತಹ ಊರಿನಲ್ಲಿ ಜಾಲದ ಸಂಪರ್ಕ ಕಡಿದರೆ, ಪಹಣಿಗಾಗಿ ಅಂದಿನ ದುಡಿಮೆಯನ್ನು ಬಿಟ್ಟು ಬಂದ ರೈತನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ತಂತಿ ತುಂಡಾಯಿತೇ, ವಿದ್ಯುತ್ತು ಹೋಯಿತೇ, ಅಥವಾ ಯಾರಾದರೂ ಗುಪ್ತಪದವನ್ನು ಊಹಿಸುತ್ತ ಒಳನುಗ್ಗಲು ಯತ್ನಿಸಿದರೇ? ಇದಕ್ಕೆ ಉತ್ತರವನ್ನು ದಿನವಹಿಯಲ್ಲಿ ಹುಡುಕಬೇಕು.

ಇಂತಹ ಬರವಣಿಗೆಗೆ ಸಿಸ್‌ಲಾಗ್ ಎಂಬ ಪದ್ಧತಿಯನ್ನು 1980ರ ದಶಕದಲ್ಲಿ ಅಮೆರಿಕದ ಎರಿಕ್ ಆಲ್‌ಮನ್ ರೂಪಿಸಿದರು. ಇದರಲ್ಲಿ ಘಟನೆಗಳಿಗೆ 0ಯಿಂದ 7ರವರೆಗೆ ಎಂಟು ದರ್ಜೆಗಳಿವೆ. ಯಂತ್ರವೇ ನಿರುಪಯೋಗಿಯಾಗುವಂತಹ ವಿಪತ್ತು 0, ದೋಷ 3, ಎಚ್ಚರಿಕೆ 4, ಸಾಮಾನ್ಯ ಮಾಹಿತಿ 6, ದೋಷಶೋಧನೆಯ ಸೂಕ್ಷ್ಮ ವಿವರ 7. ಅಂಕಿ ಕಿರಿದಾದಷ್ಟೂ ಅಪಾಯ ಹಿರಿದು.

ದಿನವಹಿಯನ್ನು ಅಣಿಗೊಳಿಸುವವರು ಮೊದಲು ರೂಟರಿನ ಗಡಿಯಾರವನ್ನು ಸರಿಪಡಿಸಬೇಕು. ಕಾಲ ತಪ್ಪಿದ ದಾಖಲೆ ಸಾಕ್ಷ್ಯಕ್ಕೆ ಒದಗದು. ಆದುದರಿಂದ ಜಾಲದ ಮೂಲಕವೇ ನಿಖರ ಸಮಯವನ್ನು ಪಡೆಯುವ ವ್ಯವಸ್ಥೆಯಿದೆ. ಎರಡನೆಯದಾಗಿ, ದರ್ಜೆಯನ್ನು ಆರಿಸಬೇಕು. 4 ಎಂದು ಗೊತ್ತುಪಡಿಸಿದರೆ 0ಯಿಂದ 4ರವರೆಗಿನ ಸಂಗತಿಗಳು ಮಾತ್ರ ದಾಖಲಾಗುತ್ತವೆ. ಎಲ್ಲವನ್ನೂ ಬರೆಯಿಸಿದರೆ ರೂಟರಿಗೆ ಹೊರೆಯಾಗುವುದಲ್ಲದೆ, ಮುಖ್ಯವಾದುದು ಹೊಟ್ಟಿನ ರಾಶಿಯಲ್ಲಿ ಬಿದ್ದ ಕಾಳಿನಂತೆ ಮರೆಯಾಗುತ್ತದೆ. ಮೂರನೆಯದಾಗಿ, ದಾಖಲೆಯನ್ನು ಎಲ್ಲಿ ಇಡಬೇಕೆಂದು ನಿರ್ಧರಿಸಬೇಕು. ರೂಟರಿನ ಸ್ಮೃತಿ ಚಿಕ್ಕದು; ಅದು ತುಂಬಿದಾಗ ಹೊಸ ಸಾಲುಗಳು ಹಳೆಯವನ್ನು ಅಳಿಸುತ್ತವೆ. ವಿದ್ಯುತ್ತು ಹೋದರೆ ಸಾಮಾನ್ಯವಾಗಿ ಎಲ್ಲವೂ ನಶಿಸುತ್ತದೆ. ಆದಕಾರಣ ದೂರದ ಸಂಗ್ರಹ ಗಣಕದ ವಿಳಾಸವನ್ನು ಕೊಟ್ಟು, ಪ್ರತಿಯೊಂದು ಸಾಲೂ ಅಲ್ಲಿಗೆ ಹೋಗುವಂತೆ ಏರ್ಪಡಿಸುತ್ತಾರೆ. ಕಳ್ಳತನದಿಂದ ಒಳಹೊಕ್ಕವನು ರೂಟರಿನಲ್ಲಿ ತನ್ನ ಹೆಜ್ಜೆಗುರುತನ್ನು ಅಳಿಸಿದರೂ ಅಲ್ಲಿಯ ಪ್ರತಿ ಉಳಿಯುತ್ತದೆ.

ಇಲ್ಲಿಯೂ ಒಂದು ತೊಡಕುಂಟು. ಹಳೆಯ ರೂಢಿಯಂತೆ ಕಳುಹಿಸಿದ ಸಂದೇಶವು ಸಾಧಾರಣ ಅಂಚೆಯಿದ್ದಂತೆ, ತಲುಪಿದುದಕ್ಕೆ ರಸೀದಿಯಿಲ್ಲ. ಅದಲ್ಲದೆ, ಸಂಪರ್ಕವೇ ಕಡಿದಾಗ ಕಡಿದ ಸುದ್ದಿಯನ್ನು ಹೊತ್ತ ಸಂದೇಶವೂ ಹೋಗಲಾರದು. ಆದುದರಿಂದ ರೂಟರಿನಲ್ಲಿ ಒಂದು ಪ್ರತಿ, ದೂರದಲ್ಲಿ ಒಂದು ಪ್ರತಿ ಇರಿಸುವುದೇ ವಿವೇಕ.

ಭಾರತದ ಗಣಕ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಸೇವಾಸಂಸ್ಥೆಗಳೂ ಸರ್ಕಾರಿ ಸಂಸ್ಥೆಗಳೂ ಇಂತಹ ದಾಖಲೆಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿಡಬೇಕೆಂದು ವಿಧಿಸಿತು.

ಆದರೆ ಬರೆದಿಟ್ಟ ಮಾತ್ರಕ್ಕೆ ರಕ್ಷಣೆ ದೊರೆಯದು. ಅಣೆಕಟ್ಟಿನ ಮಟ್ಟವನ್ನು ಬರೆದು ಯಾರೂ ನೋಡದಿದ್ದರೆ ಪ್ರವಾಹದ ಮುನ್ಸೂಚನೆ ವ್ಯರ್ಥವಾಗುವುದಷ್ಟೆ. ಹಾಗೆಯೇ ರೂಟರಿನ ದಿನವಹಿಯನ್ನು ತಪ್ಪದೆ ಓದುವ ಕಣ್ಣೂ, ಓದಿ ಎಚ್ಚರಗೊಳ್ಳುವ ಮನಸ್ಸೂ ಬೇಕು. ಯಂತ್ರವು ಬರೆಯಬಲ್ಲದು, ಅದರ ಮರ್ಮವನ್ನರಿತು ನಡೆದುಕೊಳ್ಳುವ ಹೊಣೆ ಮನುಷ್ಯನದೇ.