‘ನೀ’ ಅಂದರೆ ಜೋಕೆ!

ಗಲ್ಲಾದ ಮುಂದೆ ಕೂತ ಅಂಗಡಿಯವನನ್ನು ಗಿರಾಕಿ ‘ಸ್ವಾಮಿ, ಅರ್ಧ ಕೆಜಿ ಸಕ್ಕರೆ ಕೊಡಿ’ ಅನ್ನುತ್ತಾನೆ. ಅದೇ ಮನುಷ್ಯನನ್ನು ಖಾಕಿ ತೊಟ್ಟವರು ‘ಏಯ್, ಬಾರೋ ಇಲ್ಲಿ’ ಅಂತ ಕರೆದರೆ? ಬಹಳ ಮಂದಿ ನುಂಗಿಕೊಂಡು ಸುಮ್ಮನಾಗುತ್ತಾರೆ. ಹೊಟ್ಟೆಪಾಡು ನೋಡಿ!

ನೆರೆಯ ಕೇರಳದ ತ್ರಿಶೂರು ಜಿಲ್ಲೆಯ ವ್ಯಾಪಾರಿಯೊಬ್ಬರು ಮಾತ್ರ ಸುಮ್ಮನಾಗಲಿಲ್ಲ. ಕೊರೊನಾ ನಿಯಮದ ನೆಪದಲ್ಲಿ ಪೊಲೀಸರು ತನ್ನನ್ನೂ ಮಗಳನ್ನೂ ಕೀಳಾಗಿ ಮಾತಾಡಿಸಿದರು ಎಂದು ಸೀದಾ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಖಡಾಖಂಡಿತವಾಗಿ ಹೇಳಿದರು: ಪೊಲೀಸರು ಜನರನ್ನು ‘ಎಡಾ’, ‘ಎಡೀ’, ‘ನೀ’ ಎಂದು ಕರೆಯಕೂಡದು. ನಮ್ಮ ‘ಏನೋ’, ‘ಏನೇ’, ‘ನೀನು’ ಇದ್ದ ಹಾಗೆ ಇವು. ಪರರ ಆಳ್ವಿಕೆಯಲ್ಲಿ ಪ್ರಜೆಯನ್ನು ತುಳಿಯಲು ಬಳಸಿದ ಚಾಳಿ ಇದು, ಸಂವಿಧಾನ ಇರುವ ದೇಶದಲ್ಲಿ ನಡೆಯದು ಎಂಬುದು ಕೋರ್ಟಿನ ನಿಲುವು. ಅದೇ ತಿಂಗಳು ಪೊಲೀಸ್ ಮುಖ್ಯಸ್ಥ ಅನಿಲ್ ಕಾಂತ್ ಸುತ್ತೋಲೆ ಹೊರಡಿಸಿದರು.

ಅಲ್ಲಾ ಸ್ವಾಮಿ, ‘ನೀನು’ ಅಂದರೆ ಬೈಗುಳವೇ? ತಾಯಿ ಮಗನಿಗೆ ಅನ್ನುವುದೂ ಅದೇ, ಗೆಳೆಯ ಗೆಳೆಯನಿಗೆ ಅನ್ನುವುದೂ ಅದೇ. ಆದರೆ ಅಲ್ಲಿ ತಿರುಗಿ ‘ನೀನು’ ಅನ್ನಬಹುದು. ಠಾಣೆಯಲ್ಲಿ ಅಂದು ನೋಡಿ! ತಕ್ಕಡಿ ಒಂದೇ ಕಡೆ ವಾಲಿದ್ದರೆ ಅದು ಸಲಿಗೆಯಲ್ಲ, ದರ್ಪ.

ಈ ತಕ್ಕಡಿಯ ಇನ್ನೊಂದು ತಟ್ಟೆಗೂ ಅದೇ ಹೊತ್ತಿನಲ್ಲಿ ಕೇರಳದವರು ಕೈ ಹಾಕಿದ್ದರು. ಪಾಲಕ್ಕಾಡು ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯಿತಿ 2021ರ ಆಗಸ್ಟ್ ಕೊನೆಯಲ್ಲಿ, ಪಕ್ಷಭೇದವಿಲ್ಲದೆ, ಒಂದು ಠರಾವು ಮಾಡಿತು. ಕಚೇರಿಗೆ ಬಂದ ಜನ ಇನ್ನು ‘ಸರ್’, ‘ಮೇಡಂ’ ಅನ್ನಬೇಕಾಗಿಲ್ಲ. ಹೆಸರೋ ಹುದ್ದೆಯೋ ಹೇಳಿದರೆ ಸಾಕು. ಹೆಸರು ಹಿಡಿದು ಕರೆಯಲು ಸಂಕೋಚವಾದರೆ ‘ಚೇಟ್ಟಾ’, ‘ಚೇಚಿ’ ಅನ್ನಿ, ಅಂದರೆ ಅಣ್ಣ, ಅಕ್ಕ. ಅರ್ಜಿಯಲ್ಲಿ ‘ಬೇಡಿಕೊಳ್ಳುತ್ತೇನೆ’ ಎಂದು ಬರೆಯುವುದೂ ಬೇಡ, ‘ಇದು ನನ್ನ ಹಕ್ಕು, ಕೊಡಿ’ ಎಂಬ ಧಾಟಿಯಲ್ಲಿ ಬರೆದರಾಯಿತು. ‘ಸರ್’ ಅನ್ನಲಿಲ್ಲ ಅಂತ ಯಾರಾದರೂ ಕೆಲಸ ಮಾಡಿಕೊಡದಿದ್ದರೆ ಅಧ್ಯಕ್ಷರಿಗೋ ಕಾರ್ಯದರ್ಶಿಗೋ ದೂರು ಕೊಡಬಹುದು.

ಹಾಗಂತ ನಾಲಿಗೆ ಒಂದೇ ದಿನದಲ್ಲಿ ತಿದ್ದೀತೇ? 2024ರ ಜನವರಿಯಲ್ಲಿ ಠಾಣೆಗೆ ಹೋದ ವಕೀಲರೊಬ್ಬರನ್ನೇ ಸಬ್‌ಇನ್‌ಸ್ಪೆಕ್ಟರ್ ಹೀನಾಯವಾಗಿ ಬೈದ ಪ್ರಕರಣ ಅದೇ ನ್ಯಾಯಮೂರ್ತಿಯ ಮುಂದೆ ಬಂತು. ಮತ್ತೆ ತರಾಟೆ, ಮತ್ತೊಂದು ಸುತ್ತೋಲೆ! ಕರಿ ಕೋಟಿನವರ ಪಾಡೇ ಇದಾದರೆ ಸಂತೆಯಲ್ಲಿ ಸೊಪ್ಪು ಮಾರುವವಳ ಗತಿ?

ಮರ್ಯಾದೆಯ ನಿಯಮ ಬರೆಯುವುದು ಕಷ್ಟವಲ್ಲ. ಅದು ಮುರಿದಾಗ ಬಡವ ಎಲ್ಲಿಗೆ ಹೋಗಬೇಕು ಎಂಬುದೇ ಪ್ರಶ್ನೆ. ತ್ರಿಶೂರಿನ ವ್ಯಾಪಾರಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮಾತ್ತೂರಿನವನಿಗೆ ಊರಿನ ಪಂಚಾಯಿತಿ ಬಾಗಿಲೇ ಸಾಕು. ಅಷ್ಟು ಹತ್ತಿರ ಇದ್ದರೆ ಮಾತ್ರ, ‘ಬಾರೋ’ ಅನ್ನಲು ಹೊರಟ ಬಾಯಿ ‘ಬನ್ನಿ’ ಅಂದೀತು.